ಬಿಡುಗಡೆಯಿಲ್ಲದ ಜೀವಕ್ಕೆ ಅಭಯ

ಶ್ರಾವಕನಿಗೆ ವಿಹಿತವಾದ ದಾನಗಳು ನಾಲ್ಕು: ಆಹಾರ, ಔಷಧ, ಶಾಸ್ತ್ರ ಮತ್ತು ಅಭಯ. ಮೊದಲಿನ ಮೂರನ್ನು ಕೊಡುವ ಬಗೆ ಎಲ್ಲರಿಗೂ ಸುಲಭವಾಗಿ ತಿಳಿಯುತ್ತದೆ. ಅಭಯದಾನವೆಂದಾಗ ಮಾತ್ರ ಬಹುಮಂದಿಯ ಕಣ್ಣೆದುರಿಗೆ ಬರುವುದು ಬಾಗಿಲು ತೆರೆಯುವ ಚಿತ್ರ. ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥಸ್ವಾಮಿಯ ಚರಿತೆಯೇ ಇದಕ್ಕೆ ಕಾರಣವಿರಬಹುದು. ರಾಜೀಮತಿಯನ್ನು ವರಿಸಲು ದಿಬ್ಬಣದೊಡನೆ ಹೊರಟಿದ್ದ ಕುಮಾರನ ಕಿವಿಗೆ, ದಾರಿಯ ಬದಿಯಲ್ಲಿ ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನ ಬಿತ್ತು. ಮದುವೆಯ ಔತಣಕ್ಕಾಗಿ ಅವುಗಳನ್ನು ತಂದಿದ್ದಾರೆಂದು ತಿಳಿದು ಅವನ ಮನಸ್ಸು ಕಲಕಿತು. ಪ್ರಾಣಿಗಳಿಗೆ ಬಿಡುಗಡೆಯಾಯಿತು, ಕುಮಾರನು ಮದುವೆಯ ಮಂಟಪಕ್ಕೆ ಬೆನ್ನು ತಿರುಗಿಸಿ ಊರ್ಜಯಂತಗಿರಿಯ ದಾರಿ ಹಿಡಿದನು.

ಆ ಪ್ರಾಣಿಗಳಿಗೆ ಓಡಿಹೋಗಲು ಕಾಡಿತ್ತು. ಬಾಗಿಲು ತೆರೆದರೂ ಹೋಗಲು ಎಡೆಯಿಲ್ಲದ ಜೀವಿಗೆ ಅಭಯ ಕೊಡುವುದು ಹೇಗೆ? ಮೈಸೂರಿನ ಒಂದು ಜೈನ ಕುಟುಂಬಕ್ಕೆ ಈ ಪ್ರಶ್ನೆ ರಟ್ಟಿನ ಪೆಟ್ಟಿಗೆಯೊಂದರ ರೂಪದಲ್ಲಿ ಎದುರಾಯಿತು.

ಬಾಡಿಗೆಗಿದ್ದವರಾರೋ ಮನೆ ಖಾಲಿ ಮಾಡಿ ಹೋಗುವಾಗ ವಾಹನ ನಿಲ್ಲಿಸುವ ಜಾಗದ ಮೂಲೆಯಲ್ಲಿ ಆ ಪೆಟ್ಟಿಗೆಯನ್ನು ಬಿಟ್ಟುಹೋಗಿದ್ದರು. ಒಳಗೆ ಒಂದು ಬಿಳಿಯ ಗಿನಿಪಿಗ್. ಪ್ರಾಣಿಪ್ರಿಯರೊಬ್ಬರು ಅದನ್ನು ಪಶುವೈದ್ಯರ ಬಳಿಗೆ ಒಯ್ದರು. ಬೆಳೆದ ಹೆಣ್ಣು ಗಿನಿಪಿಗ್ಗು ಕಡಿಮೆಯೆಂದರೂ 700 ಗ್ರಾಂ ತೂಗಬೇಕು. ಇದು ತೂಗಿದ್ದು 410 ಗ್ರಾಂ. ಕಣ್ಣುಗುಡ್ಡೆಗಳು ಬೆಳೆದೇ ಇರಲಿಲ್ಲ. ಕಿವಿಯ ಬಳಿ ಚಪ್ಪಾಳೆ ತಟ್ಟಿದರೂ ಅದು ಬೆಚ್ಚಲಿಲ್ಲ. ಬಾಯೊಳಗಿನ ಹಲ್ಲುಗಳು ಅಡ್ಡಾದಿಡ್ಡಿಯಾಗಿ ಬೆಳೆದು ಅಗಿಯುವುದಕ್ಕೇ ಅವಕಾಶವಿರಲಿಲ್ಲ. ಇದಕ್ಕೊಂದು ಮನೆ ಬೇಕೆಂಬ ಸುದ್ದಿ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳಿಗೆ ತಲುಪಿತು. ಅವಳು ಯಾರನ್ನೂ ಕೇಳದೆ ಒಪ್ಪಿಕೊಂಡು ಮನೆಗೆ ತಂದಳು. ಮನೆಯಲ್ಲಿ ತಂದೆ, ತಾಯಿ ಮತ್ತು ಎಪ್ಪತ್ತೆರಡು ವರ್ಷದ ಅಜ್ಜಿ. ಅಜ್ಜಿ ವ್ರತಿಕೆ.

ಗಿನಿಪಿಗ್ ಹಂದಿಯ ಜಾತಿಗೆ ಸೇರಿದ್ದಲ್ಲ, ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಪ್ರದೇಶದ ಜನರು ಸಾವಿರಾರು ವರ್ಷಗಳ ಹಿಂದೆಯೇ ಮಾಂಸಕ್ಕಾಗಿ ಪಳಗಿಸಿದ ದಂಶಕ ಅದು. ಹದಿನಾರನೆಯ ಶತಮಾನದಲ್ಲಿ ಯುರೋಪಿಗೆ ಹೋಗಿ ಅಲ್ಲಿ ಮಕ್ಕಳ ಆಟದ ಪ್ರಾಣಿಯಾಯಿತು, ಬಳಿಕ ಪ್ರಯೋಗಶಾಲೆಗಳಿಗೂ ಪ್ರವೇಶಿಸಿತು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು ಬರಿಯ ಧಾನ್ಯವನ್ನು ತಿನ್ನಿಸಿದಾಗ ಈ ಪ್ರಾಣಿಗೆ ಸ್ಕರ್ವಿ ರೋಗ ಬರುವುದನ್ನು ಕಂಡರು. ಮನುಷ್ಯನಂತೆ ಗಿನಿಪಿಗ್ಗಿನ ದೇಹವೂ ‘ಸಿ’ ಜೀವಸತ್ತ್ವವನ್ನು ತಾನೇ ತಯಾರಿಸಿಕೊಳ್ಳಲಾರದು. ಆ ಜೀವಸತ್ತ್ವದ ಪತ್ತೆಗೆ ದಾರಿ ಮಾಡಿಕೊಟ್ಟದ್ದು ಈ ಸಾಮ್ಯವೇ. ಹಲ್ಲಿನ ವಸಡು ಗಟ್ಟಿಯಾಗಿರಲೆಂದು ನೆಲ್ಲಿಕಾಯಿ ತಿನ್ನುವವರೆಲ್ಲರೂ ಈ ಮೂಕಜೀವಿಗೆ ಒಂದಿಷ್ಟು ಋಣಿಗಳೇ.

ಇನ್ನು ಈ ಬಿಳಿಯ ಜೀವಿಯ ಕುರುಡು ಕಿವುಡುಗಳ ಮೂಲ. ಬಣ್ಣದ ಕೂದಲಿನ ನಡುನಡುವೆ ಬಿಳಿಗೂದಲು ಬೆರೆತ ಗಿನಿಪಿಗ್ಗುಗಳಿಗೆ ಸಾಕುಪ್ರಾಣಿಗಳ ಮಾರುಕಟ್ಟೆಯಲ್ಲಿ ಬೇಡಿಕೆಯುಂಟು. ಅಂತಹ ಎರಡನ್ನು ಜೊತೆಗೂಡಿಸಿದರೆ ಹುಟ್ಟುವ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೆ ಒಂದು ಹೀಗೆ ಅಚ್ಚಬಿಳುಪಾಗಿ, ದೃಷ್ಟಿಯಿಲ್ಲದೆ, ಹೆಚ್ಚಾಗಿ ಶ್ರವಣವೂ ಇಲ್ಲದೆ, ವಕ್ರವಾದ ಹಲ್ಲುಗಳೊಡನೆ ಹುಟ್ಟುತ್ತದೆ. ಸಾಕುವವನಿಗೆ ತಿಳಿದಿದ್ದರೆ ತಪ್ಪಿಸಬಹುದಾದ ಸಂಕಟವಿದು. ತಿಳಿದೂ ಮಾಡುವವರಿದ್ದಾರೆ, ತಿಳಿಯದೆ ಮಾಡುವವರೂ ಇದ್ದಾರೆ. ಚಂದದ ಬಣ್ಣವೊಂದು ತನ್ನದಾಗಬೇಕೆಂಬ ಕೊಳ್ಳುವವನ ಆಸೆ ಇಬ್ಬರ ಹಿಂದೆಯೂ ಇದೆ. ಪರಿಗ್ರಹವೆಂದರೆ ಹೊನ್ನು, ಹೊಲ, ಮನೆಗಳೆಂದಷ್ಟೇ ಎಣಿಸುವವರು ಇದನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಬೇಕಾಗಿದೆ.

ಮೊದಲ ವಾರದಲ್ಲೇ ನೆರೆಯವರೊಬ್ಬರು ಬಂದು ನೋಡಿ, “ಅಯ್ಯೋ, ಅದರ ಕರ್ಮ ಅದು ಅನುಭವಿಸಲಿ ಬಿಡಿ, ಇದರಲ್ಲಿ ನಾವು ಕೈ ಹಾಕಬಾರದು” ಎಂದರು. ಧರ್ಮವನ್ನು ಬಲ್ಲವರೆಂದು ಹೆಸರಾದವರ ಬಾಯಲ್ಲೂ ಇಂತಹ ಮಾತು ಬರುವುದುಂಟು. ಕರ್ಮಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಅಪಚಾರ ಬೇರೊಂದಿಲ್ಲ. ಅಸಾತಾವೇದನೀಯ ಕರ್ಮದ ಉದಯದಿಂದ ಜೀವಕ್ಕೆ ದುಃಖವುಂಟಾಗುತ್ತದೆ, ನಿಜ. ಆದರೆ ನೋಡುತ್ತ ನಿಂತವನ ಹೃದಯದಲ್ಲಿ ಆ ಹೊತ್ತಿಗೆ ಕರುಣೆಯುಂಟಾಗುವುದೋ ಉಪೇಕ್ಷೆಯುಂಟಾಗುವುದೋ ಎಂಬುದು ಅವನ ಕರ್ಮಬಂಧಕ್ಕೆ ಸಂಬಂಧಿಸಿದ್ದು. ರೋಗಿಯ ಕರ್ಮಕ್ಕೆ ಕೈಹಾಕಬಾರದೆಂದಿದ್ದರೆ ಔಷಧದಾನವೆಂಬ ಒಂದು ದಾನವನ್ನು ಆಚಾರ್ಯರು ಏಕೆ ಹೇಳಬೇಕಿತ್ತು? ಸಾಯುತ್ತಿದ್ದ ನಾಯಿಯ ಬಳಿ ಕುಳಿತು ಜೀವಂಧರಕುಮಾರನು ಪಂಚನಮಸ್ಕಾರ ಮಂತ್ರವನ್ನು ಕೇಳಿಸಿದ್ದೇಕೆ? ಕನ್ನಡದಲ್ಲಿ ಭಾಸ್ಕರಕವಿಯು ಆ ಕುಮಾರನ ಚರಿತೆಯನ್ನೇ ಕಾವ್ಯವಾಗಿ ರಚಿಸಿದ್ದಾನೆ. ಕುಮಾರನು ನಾಯಿಯ ಪೂರ್ವಕರ್ಮದ ಲೆಕ್ಕ ಕೇಳಿದವನಲ್ಲ.

ನೆರೆಯವರಿಗೆ ಅಜ್ಜಿ ಕೊಟ್ಟ ಉತ್ತರ ಇನ್ನೂ ಚಿಕ್ಕದು: “ನಮ್ಮ ಮನೆ ಬಾಗಿಲಿಗೆ ಬಂದದ್ದೂ ಅದರ ಕರ್ಮವೇ ಅಲ್ಲವೇ?”

ತಂದೆಯ ಆಕ್ಷೇಪ ಬೇರೆಯಾಗಿತ್ತು. ಗಿನಿಪಿಗ್ಗಿನ ಇಪ್ಪತ್ತು ಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಹುಲ್ಲನ್ನು ಅಗಿಯುತ್ತ ಅಗಿಯುತ್ತ ಸವೆಯಬೇಕು. ಸರಿಯಾಗಿ ಕೂಡದ ಹಲ್ಲು ಸವೆಯದು. ಆದುದರಿಂದ ಐದಾರು ವಾರಗಳಿಗೊಮ್ಮೆ ಅರಿವಳಿಕೆ ಕೊಟ್ಟು ವೈದ್ಯರು ಹಲ್ಲುಗಳನ್ನು ಕತ್ತರಿಸಿ ಉಜ್ಜಬೇಕಾಗುತ್ತದೆ. ಮೊದಲ ಬಿಲ್ಲನ್ನು ಕೈಯಲ್ಲಿ ಹಿಡಿದು, “ಒಂದು ಇಲಿಯಷ್ಟು ದೊಡ್ಡ ಪ್ರಾಣಿಗೆ ಇಷ್ಟೊಂದೇ?” ಎಂದರು ಅವರು. ಆತ್ಮವು ತಾನು ಪಡೆದ ದೇಹದಷ್ಟೇ ಆಗಿರುತ್ತದೆ, ಗಡಿಗೆಯೊಳಗಿಟ್ಟ ದೀಪದ ಬೆಳಕು ಗಡಿಗೆಯಷ್ಟು, ಕೋಣೆಯಲ್ಲಿಟ್ಟಾಗ ಕೋಣೆಯಷ್ಟು ಎಂಬುದನ್ನು ಅವರು ಬಾಲ್ಯದಲ್ಲಿ ಬಸದಿಯ ಪಾಠಶಾಲೆಯಲ್ಲಿ ಕಲಿತಿದ್ದರು. ಅಜ್ಜಿ ಅದನ್ನು ನೆನಪಿಸಲಿಲ್ಲ. ಬಿಲ್ಲು ಹಿಡಿದವನಿಗೆ ಉಪದೇಶ ಹಿಡಿಸದು ಎಂಬುದು ಅವರಿಗೆ ಗೊತ್ತಿತ್ತು. ಮಗ ಬಿಲ್ಲನ್ನು ಮಡಿಚಿ ಜೇಬಿಗಿಟ್ಟುಕೊಂಡು ಸುಮ್ಮನಾದರು. ಅಂದಿನಿಂದ ಈ ಖರ್ಚಿಗಾಗಿ ಅವರು ತಿಂಗಳು ತಿಂಗಳೂ ಹಣ ಎತ್ತಿಡುತ್ತಿದ್ದಾರೆ.

ಪ್ರೀತಿಯಿದ್ದರೆ ಸಾಲದು, ಅರಿವು ಬೇಕು ಎಂಬುದು ಈ ಪ್ರಾಣಿಯ ವಿಷಯದಲ್ಲಿ ಬಹು ಬೇಗ ತಿಳಿದುಬಂತು. ಮನುಷ್ಯರ ಎಷ್ಟೋ ಸೋಂಕುಗಳನ್ನು ಗುಣಪಡಿಸುವ ಪೆನಿಸಿಲಿನ್ ವರ್ಗದ ಔಷಧಗಳನ್ನು ಗಿನಿಪಿಗ್ಗಿಗೆ ಬಾಯಿಯ ಮೂಲಕ ಕೊಟ್ಟರೆ ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳು ನಾಶವಾಗಿ ಅದು ಸಾಯಬಹುದು. ಮನೆಯ ಔಷಧದ ಡಬ್ಬಿಯಿಂದ ಒಂದು ಮಾತ್ರೆ ಅರೆದು ಕುಡಿಸುವ ಕರುಣೆಯು ಇಲ್ಲಿ ಹಿಂಸೆಯೇ ಆಗುತ್ತದೆ. ಆಹಾರದಲ್ಲೂ ಹಾಗೆಯೇ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಅದಕ್ಕೆ ಕೊಡಬಾರದೆಂದು ವೈದ್ಯರು ಎಚ್ಚರಿಸಿದಾಗ ಅಜ್ಜಿಗೆ ನಗು ಬಂತು. ಆ ಮೂರೂ ಆ ಅಡುಗೆಮನೆಗೆ ಎಂದೂ ಬಂದವಲ್ಲ. ದಪ್ಪ ಮೆಣಸಿನಕಾಯಿ, ಸೀಬೆಹಣ್ಣು, ಕೊತ್ತಂಬರಿ ಸೊಪ್ಪು ಹಿತಮಿತವಾಗಿ ಆಗಬಹುದು. ಗರಿಕೆ ಬಹಳ ಒಳ್ಳೆಯದು. ಬೆಕ್ಕು ನಾಯಿಗಳನ್ನು ಸಾಕುವ ಜೈನ ಗೃಹಸ್ಥನಿಗೆ ಅವುಗಳ ಆಹಾರದ್ದೇ ದೊಡ್ಡ ಸಂಕಟ. ಹುಲ್ಲು ಮೇಯುವ ಈ ಜೀವಿಯಿಂದ ಆ ತೊಡಕಿಲ್ಲ ಎಂದು ಮನೆಯವರು ಸಮಾಧಾನಪಟ್ಟರು.

ಸಮಾಧಾನ ಸಂಜೆಯವರೆಗೆ ಮಾತ್ರ ಉಳಿಯಿತು. ಗಿನಿಪಿಗ್ಗಿನ ಹೊಟ್ಟೆ ಎಂದೂ ಬರಿದಾಗಬಾರದು. ಹಗಲೂ ರಾತ್ರಿಯೂ ಸ್ವಲ್ಪ ಸ್ವಲ್ಪವಾಗಿ ಮೇಯುತ್ತಿರುವುದು ಅದರ ಪ್ರಕೃತಿ. ಅರ್ಧ ದಿನ ಆಹಾರ ನಿಂತರೂ ಕರುಳಿನ ಚಲನೆ ಕುಂಠಿತವಾಗಿ ಪ್ರಾಣಕ್ಕೆ ಅಪಾಯ. ಹಲ್ಲು ನೆಟ್ಟಗಿರುವ ಪ್ರಾಣಿಯಾದರೆ ಒಣಹುಲ್ಲಿನ ಕಂತೆಯನ್ನಿಟ್ಟು ಮಲಗಬಹುದು. ಮುತ್ತು ಎಂದು ಮನೆಯವರು ಕರೆಯತೊಡಗಿದ್ದ ಈ ಜೀವಿ ಹುಲ್ಲನ್ನು ಬಾಯಿಗೆ ತೆಗೆದುಕೊಂಡು ಹಾಗೆಯೇ ಬಿಟ್ಟುಬಿಡುತ್ತಿತ್ತು. ಹುಲ್ಲಿನ ಹುಡಿಯ ಗುಳಿಗೆಗಳನ್ನು ನೀರಿನಲ್ಲಿ ನೆನೆಸಿ, ಕಿವುಚಿ, ಸೂಜಿ ತೆಗೆದ ಸಿರಿಂಜಿನಿಂದ ಕೆನ್ನೆಯ ಪಕ್ಕಕ್ಕೆ ತೊಟ್ಟುತೊಟ್ಟಾಗಿ ಉಣಿಸಬೇಕು. ಆರಂಭದ ತಿಂಗಳುಗಳಲ್ಲಿ ನಾಲ್ಕು ಗಂಟೆಗೊಮ್ಮೆ ಎಂದರು ವೈದ್ಯರು. ಅಂದರೆ ರಾತ್ರಿ ಹತ್ತಕ್ಕೂ, ನಡುರಾತ್ರಿ ಎರಡಕ್ಕೂ.

ಅಜ್ಜಿಯದು ಮೂವತ್ತೊಂದು ವರ್ಷಗಳ ರಾತ್ರಿಭೋಜನ ತ್ಯಾಗ. ಸೂರ್ಯಾಸ್ತದ ಬಳಿಕ ತಾವು ಉಣ್ಣದಿರುವುದಷ್ಟೇ ಅಲ್ಲ, ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಗೆಯಲ್ಲೂ ತ್ಯಾಗ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡುವವರನ್ನು ಮೆಚ್ಚುವುದು ಈ ಮೂರರಿಂದಲೂ ದೂರವಿರಬೇಕೆಂಬುದು ಅವರ ನಿಯಮ. ಅವರ ಕೈಯಿಂದ ಆ ಮನೆಯಲ್ಲಿ ಯಾರಿಗೂ ರಾತ್ರಿ ಬಡಿಸಿದ್ದಿಲ್ಲ. ಈಗ ಮೊಮ್ಮಗಳು ಹತ್ತು ಗಂಟೆಗೆ ಅಲಾರಂ ಇಟ್ಟುಕೊಂಡು ಸಿರಿಂಜು ಹಿಡಿದು ಕುಳಿತಾಗ, ಅಜ್ಜಿ ತಮ್ಮ ಕೋಣೆಯಲ್ಲಿ ಜಪಮಣಿ ಹಿಡಿದು ಎಚ್ಚರವಾಗಿಯೇ ಇರುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ಬಸದಿಗೆ ಹೋದವರು ಅಲ್ಲಿದ್ದ ಹಿರಿಯ ಪಂಡಿತರನ್ನು ಕೇಳಿದರು.

“ಪಂಡಿತರೇ, ಆ ಜೀವಕ್ಕೆ ರಾತ್ರಿಯೂ ಉಣಿಸಬೇಕಂತೆ. ನನ್ನ ಮನೆಯಲ್ಲಿ ನಡೆಯುತ್ತಿದೆ. ಬೇಡ ಎನ್ನಲಾರೆ, ಆಗಲಿ ಎನ್ನಲೂ ಆಗುತ್ತಿಲ್ಲ.”

ಪಂಡಿತರು ಕೂಡಲೇ ಉತ್ತರಿಸಲಿಲ್ಲ. “ಅಮ್ಮಾ, ಅದನ್ನು ಗೂಡಿನಲ್ಲಿಟ್ಟವರು ಯಾರು?” ಎಂದು ಕೇಳಿದರು.

“ನಾವೇ.”

“ಹೊರಗೆ ಬಿಟ್ಟರೆ ತಾನೇ ಮೇದುಕೊಂಡು ಬದುಕಬಲ್ಲದೇ?”

“ಕಣ್ಣಿಲ್ಲ, ಕಿವಿಯಿಲ್ಲ. ಬೆಕ್ಕಿಗೋ ಕಾಗೆಗೋ ಒಂದು ಗಂಟೆಯೊಳಗೆ ಆಹಾರವಾದೀತು.”

“ಹಾಗಾದರೆ ಅದರ ಹಸಿವು ನಿಮ್ಮ ಹೊಣೆ.”

ಪಂಡಿತರ ಮಾತಿಗೆ ಶಾಸ್ತ್ರದ ಆಧಾರವಿದೆ. ಅಹಿಂಸಾಣುವ್ರತಕ್ಕೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಪ್ರಾಣಿಗಳನ್ನು ಕಟ್ಟಿಹಾಕುವ ಬಂಧ, ಹೊಡೆಯುವ ವಧ, ಅಂಗಾಂಗಗಳನ್ನು ಕತ್ತರಿಸುವ ಛೇದ, ಮಿತಿಮೀರಿ ಹೊರೆ ಹೇರುವ ಅತಿಭಾರಾರೋಪಣ, ಅನ್ನ ನೀರುಗಳನ್ನು ತಡೆಯುವ ಅನ್ನಪಾನನಿರೋಧ. ದನಕರುಗಳನ್ನು ಸಾಕುವ ಒಕ್ಕಲುತನದ ಕಾಲದಲ್ಲಿ ಹೇಳಿದ ಈ ಮಾತುಗಳು ನಗರದ ಗೂಡಿನೊಳಗಿನ ಜೀವಿಗೂ ಅಷ್ಟೇ ನೇರವಾಗಿ ಅನ್ವಯಿಸುತ್ತವೆ. ತನ್ನ ನಿಯಮ ತನ್ನ ನಾಲಗೆಗೆ. ಅದನ್ನು ಮೇಯುವ ಜೀವಿಯ ಮೇಲೆ ಹೇರಿದರೆ ಅದು ಅನ್ನಪಾನನಿರೋಧವೇ ಆದೀತು. ಬಂಧದ ವಿಷಯದಲ್ಲೂ ಶ್ರಾವಕಾಚಾರವನ್ನು ಬರೆದವರು ಬಹು ಸೂಕ್ಷ್ಮವಾಗಿ ಯೋಚಿಸಿದ್ದಾರೆ. ಕಟ್ಟದೆ ಸಾಕುವುದು ಒಳ್ಳೆಯದು. ಕಟ್ಟಲೇಬೇಕಾದರೆ ನಿರ್ದಯೆಯಿಂದ ಬಿಗಿಯಬಾರದು, ಬೆಂಕಿ ಬಿದ್ದಾಗ ಬಿಚ್ಚಿಕೊಳ್ಳುವಷ್ಟು ಸಡಿಲವಿರಬೇಕು ಎನ್ನುವವರೆಗೆ ಅವರ ಕಾಳಜಿ ಹೋಗಿದೆ. ಮುತ್ತುವಿನ ಚಿಕ್ಕ ಗೂಡನ್ನು ತೆಗೆದು ಕೋಣೆಯ ಅರ್ಧಭಾಗಕ್ಕೆ ಮೊಳದೆತ್ತರದ ತಡೆ ಕಟ್ಟಿದ್ದು ಈ ಮಾತುಕತೆಯ ಮರುದಿನವೇ.

ಆದರೂ ಅಜ್ಜಿ ಪಂಡಿತರ ಉತ್ತರವನ್ನು ಅನುಮತಿಯೆಂದು ಹಾಗೆಯೇ ಜೇಬಿಗಿಳಿಸಿಕೊಂಡು ಬಂದವರಲ್ಲ. ರಾತ್ರಿಗೆ ಬೇಕಾದುದನ್ನೆಲ್ಲ ಸೂರ್ಯಾಸ್ತಕ್ಕೆ ಮೊದಲೇ ತಾವು ಸಿದ್ಧಪಡಿಸುವುದು, ಉಣಿಸುವ ಕೆಲಸ ಮೊಮ್ಮಗಳದು ಎಂದು ಗೊತ್ತುಮಾಡಿಕೊಂಡರು. ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿ, ಕುದಿಸಿ, ಆರಿಸಿ ಗುಳಿಗೆಗಳನ್ನು ನೆನೆಸುವರು. ಬಿಸಿಗೆ ‘ಸಿ’ ಜೀವಸತ್ತ್ವ ಹಾಳಾಗುವುದರಿಂದ ಸೀಬೆಯ ತಿರುಳನ್ನು ಬೆರೆಸುವುದು ತಣಿದ ಮೇಲೆ. ಬಟ್ಟಲಿಗೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಡುವರು. ಹಾಸಿದ ಹುಲ್ಲು ತೇವವಾದರೆ ಅದರಲ್ಲಿ ಹುಳುಗಳಾಗುತ್ತವೆ. ಬಳಿಕ ಗುಡಿಸುವಾಗ ಅವು ಸಾಯುತ್ತವೆ. ಆದ್ದರಿಂದ ದಿನಕ್ಕೆರಡು ಬಾರಿ ಬದಲಿಸಿ ನೆಲ ಒಣಗಿರುವಂತೆ ನೋಡಿಕೊಳ್ಳುವರು. ಪ್ರಾಣಿಯನ್ನು ಎತ್ತುವ ಮೊದಲು ಕೈಯನ್ನು ಅದರ ಮೂಗಿನ ಮುಂದೆ ಹಿಡಿದು ವಾಸನೆ ತಿಳಿಯುವಷ್ಟು ಹೊತ್ತು ಕಾಯಬೇಕು. ಕಾಣದ, ಕೇಳದ ಜೀವಿಯನ್ನು ಏಕಾಏಕಿ ಮುಟ್ಟಿದರೆ ಅದು ಭಯದಿಂದ ನಡುಗುತ್ತದೆ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲುಗಳ ಕೆಳಗೆ. ಜಾರಿ ಬಿದ್ದರೆ ಬೆನ್ನೆಲುಬು ಮುರಿಯಬಹುದು. ಮುನಿಗಳ ಪಂಚಸಮಿತಿಗಳಲ್ಲಿ ವಸ್ತುಗಳನ್ನು ನೋಡಿ ಎತ್ತುವ, ನೋಡಿ ಇಡುವ ಆದಾನನಿಕ್ಷೇಪಣವೂ ಒಂದು. “ನನಗೆ ಈ ವಯಸ್ಸಿನಲ್ಲಿ ಆ ಸಮಿತಿಯ ಪಾಠ ಮಾಡಿದ್ದು ಇದೇ” ಎಂದು ಅಜ್ಜಿ ಒಮ್ಮೆ ಹೇಳಿದ್ದುಂಟು.

ಈ ಏರ್ಪಾಡು ಎರಡು ತಿಂಗಳು ನಡೆಯಿತು. ಅನಂತರ ಒಂದು ರಾತ್ರಿ ಮೊಮ್ಮಗಳು ಜ್ವರದಿಂದ ಮಲಗಿದಳು. ಮಗ ಸೊಸೆ ಊರಿನಲ್ಲಿರಲಿಲ್ಲ. ಹತ್ತು ಗಂಟೆಯ ಅಲಾರಂ ಹೊಡೆದು ಹೊಡೆದು ತಾನೇ ನಿಂತಿತು. ಅಜ್ಜಿ ಬಂದು ಬಾಗಿಲಲ್ಲಿ ನಿಂತರು. ಮೊಮ್ಮಗಳು ಏಳಲು ಹೋದಾಗ, “ಮಲಗು ಮಗು” ಎಂದು ಅವಳ ಹಣೆಯ ಮೇಲೆ ಕೈಯಿಟ್ಟು ನೋಡಿದರು. ಬಳಿಕ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ತಣ್ಣಗಿದ್ದುದನ್ನು ಹದಮಾಡಿ, ನೆಲದ ಮೇಲೆ ಕುಳಿತು, ಪ್ರಾಣಿಯನ್ನು ಟವಲಿನಲ್ಲಿ ಸುತ್ತಿ ಮಡಿಲಿಗೆ ತೆಗೆದುಕೊಂಡು ಉಣಿಸಿದರು. ಎರಡು ಗಂಟೆಗೂ ಉಣಿಸಿದರು.

ಮರುದಿನ ಬೆಳಿಗ್ಗೆ ಪ್ರತಿಕ್ರಮಣ ಮಾಡಿ, ಆ ದಿನ ತುಪ್ಪ ಮತ್ತು ಹಾಲನ್ನು ಬಿಟ್ಟರು. ಮೊಮ್ಮಗಳಿಗೆ ಸಿಟ್ಟು ಬಂತು. ತಪ್ಪೇ ಇಲ್ಲದಿರುವಾಗ ಪ್ರಾಯಶ್ಚಿತ್ತವೇಕೆ ಎಂದು ವಾದಿಸಿದಳು. “ಅದಕ್ಕೆ ಉಣಿಸಿದ್ದು ಸರಿ. ನನ್ನ ನಿಯಮ ಸಡಿಲಿದ್ದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಾರದೇನೆ?” ಎಂದರು ಅಜ್ಜಿ. ಪಂಡಿತರಿಗೆ ವಿಷಯ ತಿಳಿದಾಗ ಅವರೂ ಇದರ ಅಗತ್ಯವಿರಲಿಲ್ಲವೆಂದೇ ಅಭಿಪ್ರಾಯಪಟ್ಟರು. ಅವರ ಮಾತು ತರ್ಕಕ್ಕೆ ಸರಿಯೇ ಇರಬಹುದು. ಆದರೆ ಆಪತ್ತಿನ ಹೆಸರಿನಲ್ಲಿ ವ್ರತವನ್ನು ಸದ್ದಿಲ್ಲದೆ ಕೈಬಿಡುವವರೂ, ವ್ರತದ ಹೆಸರಿನಲ್ಲಿ ಹಸಿದ ಜೀವಿಗೆ ಬೆನ್ನು ತಿರುಗಿಸುವವರೂ ಎಲ್ಲೆಡೆ ಕಾಣಸಿಗುವಾಗ, ಎರಡನ್ನೂ ಮಾಡದೆ ಆ ಭಾರವನ್ನು ತಮ್ಮ ಮೇಲೆಯೇ ಹೊತ್ತುಕೊಂಡ ಹಿರಿಯರನ್ನು ತರ್ಕದಿಂದಷ್ಟೇ ಅಳೆಯಲಾಗದು.

ಜೈನ ಸಮಾಜಕ್ಕೆ ಇಂತಹ ನಿತ್ಯದ ಸೇವೆ ಹೊಸದಲ್ಲ. ಗುಜರಾತಿನ ಪಾಂಜರಾಪೋಳಗಳಲ್ಲಿ ಮುದಿಯಾದ, ಅಂಗಹೀನವಾದ ಪಶುಗಳನ್ನು ಸಾಯುವವರೆಗೆ ಸಾಕುವ ಪದ್ಧತಿ ಶತಮಾನಗಳಿಂದ ಬಂದಿದೆ. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಪಕ್ಷಿಗಳ ಧರ್ಮಾಸ್ಪತ್ರೆಯೊಂದಿದೆ. ಗುಣವಾದ ಹಕ್ಕಿ ಅಲ್ಲಿಂದ ಆಕಾಶಕ್ಕೆ ಹಾರುತ್ತದೆ, ನೋಡುವವರಿಗೆ ಸಂತೋಷವಾಗುತ್ತದೆ. ಹಾರಲಾಗದ್ದು ಉಳಿಯುತ್ತದೆ, ಅದರ ಬಟ್ಟಲಿಗೆ ಕಾಳು ಹಾಕಲು ಮರುದಿನವೂ ಯಾರಾದರೂ ಬರಬೇಕು. ಪರ್ವದಿನಗಳಲ್ಲಿ ಪಂಜರದ ಹಕ್ಕಿಗಳನ್ನು ಹಣಕೊಟ್ಟು ಕೊಂಡು ಹಾರಿಬಿಡುವವರು ಈ ಎರಡನೆಯದನ್ನೂ ಒಮ್ಮೆ ಹೋಗಿ ನೋಡಬೇಕು. ಕೊಳ್ಳುವವರಿದ್ದಾರೆಂದು ತಿಳಿದ ಬೇಡನು ಮರುದಿನ ಮತ್ತೆ ಬಲೆ ಬೀಸುತ್ತಾನೆ.

ಈ ಕಾರಣಕ್ಕೇ, ಗಿನಿಪಿಗ್ ಗುಂಪಿನಲ್ಲಿ ಬಾಳುವ ಜೀವಿ, ಒಂಟಿಯಾಗಿಡಬಾರದು ಎಂದು ವೈದ್ಯರು ಹೇಳಿದಾಗ ಮನೆಯವರು ಅಂಗಡಿಗೆ ಹೋಗಲಿಲ್ಲ. ಸಾಕಲಾಗದೆ ಬಿಟ್ಟುಕೊಡುವವರಿಗಾಗಿ ನಾಲ್ಕು ತಿಂಗಳು ಕಾದರು. ಬಂದದ್ದು ಕಪ್ಪು ಬಣ್ಣದ ಹೆಣ್ಣು, ಹೆಸರು ಕಪ್ಪಿ. ಕಣ್ಣು, ಕಿವಿ, ಹಲ್ಲು ಎಲ್ಲವೂ ಸರಿಯಾಗಿವೆ. ಮೊದಲ ಎರಡು ದಿನ ಎರಡೂ ಒಂದನ್ನೊಂದು ಮೂಸಿ ನೋಡಿ ದೂರ ಹೋದವು. ಮೂರನೆಯ ದಿನ ಮುತ್ತು ಅದರ ಪಕ್ಕೆಗೆ ಒತ್ತಿಕೊಂಡು ಮಲಗಿತ್ತು. ಈಗ ಕಪ್ಪಿ ಹೋದಲ್ಲೆಲ್ಲ ಮುತ್ತು ಅದರ ಬೆನ್ನಿಗೆ ಮೂಗು ತಾಗಿಸಿಕೊಂಡು ಹೋಗುತ್ತದೆ.

ಮುತ್ತು ಬಂದು ಹದಿನಾಲ್ಕು ತಿಂಗಳಾಯಿತು. ಪ್ರತಿ ಬೆಳಿಗ್ಗೆ ಅಡುಗೆಮನೆಯ ತೂಕದ ಯಂತ್ರದ ಮೇಲೆ ಬಟ್ಟಲಿಟ್ಟು ಅದರಲ್ಲಿ ಅದನ್ನು ಕೂರಿಸಿ ತೂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ತಿಥಿ, ನಕ್ಷತ್ರ, ಅಷ್ಟಮಿ, ಚತುರ್ದಶಿಗಳ ಪಕ್ಕದಲ್ಲಿ 640, 655, 648 ಎಂದು ಪೆನ್ಸಿಲಿನ ಅಂಕಿಗಳು. ನಡುರಾತ್ರಿಯ ಸರದಿ ನಿಂತಿದೆ. ಹತ್ತು ಗಂಟೆಯದು ಇನ್ನೂ ಇದೆ. ಇಂತಹ ಪ್ರಾಣಿಗಳ ಆಯುಷ್ಯ ಹೆಚ್ಚಲ್ಲವೆಂದು ವೈದ್ಯರು ಮೊದಲೇ ತಿಳಿಸಿದ್ದಾರೆ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ.

ಸಂಜೆ ಐದೂವರೆಗೆ ಅಜ್ಜಿ ಫ್ರಿಜ್ಜಿನ ಬಾಗಿಲು ತೆಗೆದ ಸದ್ದಿಗೆ ಕಪ್ಪಿ ಹಿಂಗಾಲುಗಳ ಮೇಲೆ ನಿಂತು ಕೀಚಲು ದನಿಯಲ್ಲಿ ಕೂಗುತ್ತದೆ. ಮುತ್ತುವಿಗೆ ಅದು ಕೇಳದು. ಪಕ್ಕದ ಮೈ ಅಲುಗಿದ್ದರಿಂದ ಎಚ್ಚತ್ತು, ಅದೂ ಮೂಗನ್ನು ಮೇಲೆತ್ತಿ ಕಾಯುತ್ತದೆ. ಅಜ್ಜಿ ಕಿಟಕಿಯಾಚೆ ಒಮ್ಮೆ ನೋಡಿ, ಬಿಸಿಲು ಇನ್ನೂ ಇರುವುದನ್ನು ಖಚಿತಪಡಿಸಿಕೊಂಡು, ಸೀಬೆಹಣ್ಣನ್ನು ಕತ್ತರಿಸಲು ಕೂರುತ್ತಾರೆ.